ಸ್ಟಡಿಗೆ ಹೋದ ಹುಡುಗಿ

ಗುರುದೇವಿ ಸ್ಟಡಿಗೆ ಹೋಗುತ್ತಾಳೆಂದು ಆ ಅಪಾರ್ಟ್‌ಮೆಂಟಿನ ತುಂಬ ಸಾರಿದವಳು ಅವಳ ತಾಯಿಯಲ್ಲ, ಉಮಾಬಾಯಿ. ಲಿಫ್ಟಿನಲ್ಲಿ ಸಿಕ್ಕವರಿಗೆ, ಕೆಳಗೆ ಕಾಯಿಪಲ್ಲೆ ಗಾಡಿಯ ಹತ್ತಿರ ನಿಂತವರಿಗೆ, ಕಡೆಗೆ ಗೇಟಿನ ವಾಚ್‌ಮನ್ ಸಾಬಣ್ಣನಿಗೂ ಹೇಳಿಯಾಗಿತ್ತು. "ನಮ್ಮ ರೊಟ್ಟಿ ಗದಿಗೆಮ್ಮ ಇಲ್ಲೇನು, ಆಕಿ ಮಗಳು ಸ್ಟಡಿ ಮಾಡಾಕತ್ತಾಳ." ಹೇಳುವಾಗ ಸ್ವಂತ ಮೊಮ್ಮಗಳಿಗೆ ರ್‍ಯಾಂಕು ಬಂದಷ್ಟು ಮುಖ ಅರಳುತ್ತಿತ್ತು.

ಉಮಾಬಾಯಿಯ ಸಂಸಾರವೆಲ್ಲ ನಡೆದದ್ದು ಬೇಗಂ ಬಜಾರಿನಲ್ಲಿ, ಗಂಡ ಹಣಮಂತರಾಯರ ಕಿರಾಣಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ. ಮೆಣಸಿನಕಾಯಿ ಘಾಟು, ಹಮಾಲರ ಕೂಗು, ಅರಿಷಿಣದ ಧೂಳಿನ ನಡುವೆ ಒಬ್ಬನೇ ಮಗ ವಿಜಯಕುಮಾರನನ್ನು ಓದಿಸಿದಳು. ಗಂಡ ತೀರಿಕೊಂಡ ಮೇಲೆ ಮಗನ ಗಚ್ಚಿಬೌಲಿಯ ಫ್ಲ್ಯಾಟಿಗೆ ಬಂದಳು. ಮಗ ಔಷಧಿ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯವನು. ಸೊಸೆ ಶೈಲಶ್ರೀ ಬ್ಯಾಂಕಿನವಳು. ಆ ದಿನಗಳಲ್ಲಿ ಟ್ರೇನಿಂಗಿಗೆಂದು ಮುಂಬೈಗೆ ಹೋಗಿದ್ದಳು. ಆ ಮನೆಯಲ್ಲಿ ಹಗಲೆಲ್ಲ ಮಾತಿಗೆ ಸಿಗುವವಳು ಎಂದರೆ ಬೆಳಿಗ್ಗೆ ಬಂದು ಜೋಳದ ರೊಟ್ಟಿ ಬಡಿದು ಹೋಗುವ ಗದಿಗೆಮ್ಮ ಒಬ್ಬಳೇ.

ಗದಿಗೆಮ್ಮ ಗುರುಮಿಠಕಲ್ ಕಡೆಯವಳು. ಗಂಡ ಅಂಬಣ್ಣ ಕೊಂಡಾಪುರದಲ್ಲಿ ಕಟ್ಟುತ್ತಿರುವ ಕಟ್ಟಡಗಳಿಗೆ ಸೆಂಟ್ರಿಂಗ್ ಕೆಲಸ ಮಾಡುತ್ತಿದ್ದ. ಆ ಕಟ್ಟಡಗಳ ಹಿಂದೆ ತಗಡಿನ ಶೆಡ್ಡಿನಲ್ಲಿ ಅವರ ವಾಸ. ಮಗಳು ಗುರುದೇವಿ ಇಂಟರ್, ಅಂದರೆ ಪಿಯುಸಿ, ಅರ್ಧಕ್ಕೆ ಬಿಟ್ಟು ಕೂತವಳು, ಒಂದು ದಿನ ಇದ್ದಕ್ಕಿದ್ದ ಹಾಗೆ ಸ್ಟಡಿ ಶುರುಮಾಡಿದ್ದಳು.

"ಏನ್ ಸ್ಟಡಿನೇ ಅದು?" ಎಂದು ಉಮಾಬಾಯಿ ಕೇಳಿದ್ದಳು.

"ನನಗೇನ್ ತಿಳೀತೈತ್ರೀ ಅಮ್ಮಾರ. ದೊಡ್ಡ ಬಿಲ್ಡಿಂಗ್ ಅಂತ. ಎ.ಸಿ. ಅಂತ. ಎರಡು ರಾತ್ರಿ ಅಲ್ಲೇ ಇಟ್ಕೋತಾರಂತ, ಊಟಾನೂ ಅವರದಽ."

"ಹಾಸ್ಟೆಲ್ ಇರ್ತೈತಿ ಹುಚ್ಚಿ, ಅದಕ್ಕ."

"ಬರೂಮುಂದ ಕೈಯಾಗ ರೊಕ್ಕಾನೂ ಕೊಟ್ಟು ಕಳಸ್ತಾರ್ರೀ."

"ಸ್ಕಾಲರ್‌ಶಿಪ್ಪು!" ಉಮಾಬಾಯಿ ಚಪ್ಪಾಳೆ ತಟ್ಟಿದಳು. "ಶಾಣ್ಯಾ ಇದ್ದವರಿಗಷ್ಟಽ ಕೊಡ್ತಾರ ಅದನ್ನ. ನಿನ್ನ ಹೊಟ್ಯಾಗ ಅದು ಹೆಂಗ ಹುಟ್ಟಿತೋ, ಆ ದೇವರಽ ಬಲ್ಲ."

"ಅವರಪ್ಪನ ಕಡೆ ಅಲ್ಲ ಅನ್ನೂದಂತೂ ಖರೇರಿ," ಎಂದು ಗದಿಗೆಮ್ಮ ರೊಟ್ಟಿ ತಿರುವಿ ಹಾಕುತ್ತ ನಕ್ಕಳು.

ಉಮಾಬಾಯಿಯನ್ನು ನಾಲ್ಕನೇ ಇಯತ್ತೆಗೇ ಸಾಲಿ ಬಿಡಿಸಿದ್ದರು. ಆ ಸಂಕಟ ಹೊಟ್ಟೆಯೊಳಗೆ ಎಲ್ಲೋ ಕೂತಿತ್ತು. ಗುರುದೇವಿಗೆ ಹೊಸ ಬ್ಯಾಗು ಕೊಡಿಸಿದಳು, ಪೆನ್ನು ಕೊಡಿಸಿದಳು. ಹುಡುಗಿ ಅಪರೂಪಕ್ಕೆ ತಾಯಿಯ ಜೊತೆ ಬಂದಾಗ ನೆನೆಸಿದ ಬದಾಮಿ ಕೈಗಿಟ್ಟು ತಿನ್ನಿಸುತ್ತಿದ್ದಳು.

"ಆಯಿ, ನಾಳೆ ಟೆಸ್ಟ್ ಐತ್ರಿ."

"ಹೆದರಬ್ಯಾಡ. ಗೊತ್ತಿದ್ದದ್ದು ಮೊದಲ ಬರಿ."

ಹುಡುಗಿ ತುಟಿ ಕಚ್ಚಿಕೊಂಡು ನಗುತ್ತಿದ್ದಳು. ಮುಂದಿನ ಸಲ ಬಂದಾಗ ಉಮಾಬಾಯಿ ಮರೆಯದೆ ಕೇಳುತ್ತಿದ್ದಳು: "ಪಾಸಾದ್ಯಾ?"

"ಪಾಸಾದ್ನಿರಿ. ಭಾಳ ಮಂದೀನ ವಾಪಸ್ ಕಳಿಸಿದ್ರು. ನನ್ನ ಇಟ್ಕೊಂಡ್ರು."

ಸುಳ್ಳು ಒಂದೂ ಇರಲಿಲ್ಲ. ಕೇಳುವವಳು ತನಗೆ ಬೇಕಾದ್ದನ್ನು ಕೇಳಿಸಿಕೊಳ್ಳುತ್ತಿದ್ದಳು, ಹೇಳುವವಳು ಸುಮ್ಮನಿರುತ್ತಿದ್ದಳು, ಅಷ್ಟೇ. ಮನೆಯಲ್ಲಿ ಮಗನ ಬಾಯಲ್ಲೂ ಮೂರು ಹೊತ್ತು ಅದೇ ಮಾತು. ಫೋನು ಕಿವಿಗಿಟ್ಟುಕೊಂಡು "ಸ್ಟಡಿ ಶುರು ಆಯ್ತಾ, ಸ್ಟಡಿ ಮುಗೀತಾ" ಎನ್ನುತ್ತ ಬಾಲ್ಕನಿಯಲ್ಲಿ ಅಡ್ಡಾಡುತ್ತಿದ್ದ. ಇಷ್ಟು ದೊಡ್ಡವನಾದರೂ ಮಗ ಓದು ಬಿಟ್ಟಿಲ್ಲ ಎಂದು ತಾಯಿ ಒಳಗೊಳಗೇ ಹಿಗ್ಗುತ್ತಿದ್ದಳು.

ದೀಪಾವಳಿ ಮುಗಿದ ಮೇಲೆ ಗದಿಗೆಮ್ಮ ಮಾತು ತೆಗೆದಳು. "ಬಿಡಸ್ತೀನ್ರೀ ಅಮ್ಮಾರ ಆ ಸ್ಟಡಿ. ಹುಡುಗಿ ಸೊರಗ್ಯಾಳ. ಬಂದ ದಿನ ತಲಿ ಎತ್ತಂಗಿಲ್ಲ, ಉಣ್ಣಂಗಿಲ್ಲ. ಮೈ ಕೆಂಡ ಇದ್ದಂಗ ಇರ್ತೈತಿ. ಊರಾಗ ಒಂದು ಸಂಬಂಧಾನೂ ಬಂದೈತಿ."

ಉಮಾಬಾಯಿ ಕೆರಳಿದಳು. "ಓದೋರು ಸೊರಗಂಗಿಲ್ಲೇನು? ನಿನ್ನಂಗ ಆಕೀನೂ ಮಂದಿ ಮನ್ಯಾಗ ರೊಟ್ಟಿ ಬಡೀಲೇನು? ಬಿಡಿಸಿ ನೋಡು, ನಾನೂ ನಿನ್ನ ಬಿಡಸ್ತೀನಿ."

ಬಾಗಿಲ ಹತ್ತಿರ ನಿಂತಿದ್ದ ಗುರುದೇವಿ ಬಾಯಿ ತೆರೆದಳು. "ಆಯಿ, ಅದು ನೀವು ತಿಳ್ಕೊಂಡಂಗ ಅಲ್ರಿ. ನಾ ಒಂದು ಹೇಳೂದೈತಿ..."

"ಏನೂ ಹೇಳಬ್ಯಾಡ ತಂಗಿ. ನಿಮ್ಮವ್ವನ ಮಾತು ಕೇಳಿ ಕೆಡಬ್ಯಾಡ. ನಡಿ, ಹೊತ್ತಾತು."

ಹುಡುಗಿ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೋದಳು.

ಅದಾಗಿ ಸ್ವಲ್ಪ ದಿನಕ್ಕೆ ಗದಿಗೆಮ್ಮ ಕೆಲಸಕ್ಕೆ ಬರುವುದು ನಿಂತಿತು. ಫೋನು ಹತ್ತಲಿಲ್ಲ. ಸಾಬಣ್ಣನೇ ಸುದ್ದಿ ತಂದ: ಮಗಳನ್ನು ಸರಕಾರಿ ದವಾಖಾನೆಗೆ ಹಾಕಿದ್ದಾರೆ. ಉಮಾಬಾಯಿ ಬಾಟಲಿಗೆ ಎಳನೀರು ತುಂಬಿಸಿಕೊಂಡು ಆಟೋ ಹತ್ತಿದಳು.

ವಾರ್ಡಿನಲ್ಲಿ ಫಿನಾಯಿಲು, ಹಳಸಿದ ಅನ್ನ, ಕೀವು ಎಲ್ಲ ಸೇರಿದ ವಾಸನೆ. ಗದಿಗೆಮ್ಮ ಕೂತಿದ್ದ ಮಂಚದ ಮೇಲೆ ಮಲಗಿದವಳು ಯಾರೆಂದು ಉಮಾಬಾಯಿಗೆ ಗುರುತು ಹತ್ತಲಿಲ್ಲ. ತುಟಿಗಳು ಒಡೆದು ರಕ್ತ ಹೆಪ್ಪುಗಟ್ಟಿ ಕರ್ರಗಾಗಿದ್ದವು. ಕಣ್ಣುಗಳು ಅಂಟಿಕೊಂಡಿದ್ದವು. ಕುತ್ತಿಗೆಯಿಂದ ಎದೆಯವರೆಗೆ ಬೊಬ್ಬೆ ಎದ್ದು, ಕೆಲವು ಒಡೆದು, ಚರ್ಮ ಬಟ್ಟೆಗೆ ಹತ್ತಿಕೊಂಡು ಬರುತ್ತಿತ್ತು. ಬೆಂಕಿ ಬಿದ್ದಿದೆಯೇನೋ ಎಂದುಕೊಂಡಳು ಉಮಾಬಾಯಿ. ಎಳನೀರಿನ ಬಾಟಲಿ ಕೈಯಲ್ಲಿ ಹಿಡಿದುಕೊಂಡೇ ನಿಂತಳು. ಆ ಬಾಯಿಗೆ ಹೇಗೆ ಹಾಕುವುದು?

ವಾರ್ಡಿನ ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ನಿದ್ದೆಗೆಟ್ಟ ಮುಖದವಳು. ಗದಿಗೆಮ್ಮನನ್ನು ತೆಲುಗಿನಲ್ಲಿ ಕೇಳಿ ಕೇಳಿ ಸಾಕಾಗಿ ಉಮಾಬಾಯಿಯ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದಳು. ಇದು ಯಾವುದೋ ಗುಳಿಗೆ ಮೈಗೆ ಆಗದೆ ಬಂದದ್ದು. ಏನು ತಿಂದಿದ್ದಾಳೆಂದು ಗೊತ್ತಾಗಬೇಕು. ನಿನ್ನೆ ಫಿಟ್ಸ್ ಬೇರೆ ಬಂದಿತ್ತು, ಅದಕ್ಕೊಂದು ಔಷಧಿ ಏರಿಸುತ್ತಿದ್ದೇವೆ. ಇವಳ ಮೈಗೆ ಯಾವುದು ವಿಷ, ಯಾವುದು ಮದ್ದು ಎಂದು ತಿಳಿಯದೆ ಏನು ಕೊಟ್ಟರೂ ಕಣ್ಣು ಕಟ್ಟಿಕೊಂಡು ಕೊಟ್ಟ ಹಾಗೆ. ಗುಳಿಗೆಯ ಹೆಸರು ಬೇಕು, ಬೇಗ ಬೇಕು.

"ಏನೂ ತಿಂದಿಲ್ರೀ ಅಮ್ಮಾರ," ಗದಿಗೆಮ್ಮ ಅದನ್ನೇ ಅನ್ನುತ್ತಿದ್ದಳು. "ಸ್ಟಡಿಗೆ ಹೋಗಿದ್ಲು, ಬಂದ್ಲು. ಅಷ್ಟಽ."

ಆಗ ಮಂಚದ ಮೇಲಿನಿಂದ ಸಣ್ಣ ದನಿ ಬಂತು. "ಸ್ಟಡಿ ಅಂದ್ರ ಅದಽರಿ ಆಯಿ. ಗುಳಿಗಿ ತಿನ್ನೂದು. ತಿಂದ ಮ್ಯಾಲ ಹೊತ್ತು ಹೊತ್ತಿಗೆ ರಕ್ತ ತಗೀತಾರ."

ಹುಡುಗಿ ಮೊಣಕೈ ಹೊರಳಿಸಿ ತೋರಿಸಿದಳು. ಒಳಮಗ್ಗುಲಲ್ಲಿ ಸೂಜಿ ಚುಚ್ಚಿದ ಕಲೆಗಳು, ಹಳೆಯವು, ಹೊಸವು, ಒಂದರ ಪಕ್ಕ ಒಂದು.

ಹೇಳಿದ್ದು ತುಂಡು ತುಂಡಾಗಿ ಬಂತು. ಮಾರುವ ಮೊದಲು ಗುಳಿಗೆಯನ್ನು ಆರಾಮ ಇದ್ದವರಿಗೆ ಕೊಟ್ಟು ನೋಡುತ್ತಾರೆ. ಒಂದು ಸ್ಟಡಿ ಆದಮೇಲೆ ಮೂರು ತಿಂಗಳು ಬೇರೆಯದಕ್ಕೆ ಹೋಗಬಾರದು. ಹೇಮಂತ ಎಂಬ ಏಜೆಂಟನೇ ಹೇಳಿಕೊಟ್ಟ: ಬೇರೆಯವರ ಕಾರ್ಡು ತಂದರೆ ಹೋಗಬಹುದು. ಊರಿನಲ್ಲಿರುವ ಚಿಕ್ಕವ್ವನ ಮಗಳು ಕಾವ್ಯಾಳ ಆಧಾರ್ ತರಿಸಿಕೊಂಡಳು. ಒಂದು ಕಡೆ ಗುರುದೇವಿಯಾಗಿ ತಿಂದಳು, ಇನ್ನೊಂದು ಕಡೆ ಕಾವ್ಯಾ ಆಗಿ ಮತ್ತೆ ಮತ್ತೆ ತಿಂದಳು. ಮೈ ಒಡೆದದ್ದು ಕಾವ್ಯಾ ಆದಮೇಲೆ.

"ಯಾವ ಕಂಪನಿ ತಂಗಿ ಅದು, ಕಾವ್ಯಾ ಆಗಿ ಹೋದದ್ದು?"

"ವಿಜಯಣ್ಣಾರ ಕಂಪನಿರೀ."

ಉಮಾಬಾಯಿ ಕೈಯಲ್ಲಿದ್ದ ಬಾಟಲಿಯನ್ನು ನೆಲಕ್ಕಿಟ್ಟಳು.  ಬರಿ, ಹೆದರಬ್ಯಾಡ, ಪಾಸಾದ್ಯಾ ಎಂದು ತಾನೇ ಆಡಿದ ಮಾತುಗಳು ಬಾಯೊಳಗೆ ಹುಳಿಯಾಗಿ ತಿರುಗಿದವು. ಹೆಸರು ತರುತ್ತೇನೆಂದು ಡಾಕ್ಟರಮ್ಮನಿಗೆ ಹೇಳಿ ಮನೆಗೆ ಬಂದಳು.

ಸಂಜೆ ಮಗ ಬಂದ. ಬಂದವನೇ ಕೈಗೆ ಸೋಪು ಹಚ್ಚಿ, ಬೆರಳ ಸಂದಿ, ಉಗುರ ಬುಡ ಎಲ್ಲ ತಿಕ್ಕಿ ತೊಳೆದ. ಅವನ ಈ ಚೊಕ್ಕತನ ತಾಯಿಗೆ ಯಾವಾಗಲೂ ಹೆಮ್ಮೆಯದಾಗಿತ್ತು. ಅಂದು ಅದನ್ನು ನೋಡಲಾರದೆ ಮುಖ ತಿರುಗಿಸಿದಳು. ತಾನೇ ರೊಟ್ಟಿ ಬಡಿದು ತಾಟು ಹಾಕಿ, ಅವನು ತುತ್ತು ಮುರಿದ ಮೇಲೆ ಎಲ್ಲ ಹೇಳಿದಳು. "ಗುಳಿಗಿ ಹೆಸರು ಹೇಳು ವಿಜು. ಡಾಕ್ಟರಮ್ಮ ಕಾಯಾಕತ್ತಾಳ."

ವಿಜಯಕುಮಾರ ತುತ್ತು ಪೂರ್ತಿ ಅಗಿದು ನುಂಗಿ, ನೀರು ಕುಡಿದು ಮಾತಾಡಿದ. "ಗುರುದೇವಿ ಅನ್ನಾಕಿ ನಮ್ಮಲ್ಲಿ ಬಂದಽ ಇಲ್ಲವ್ವ."

"ಕಾವ್ಯಾ ಅಂತ ಬಂದಾಳ."

"ಕಾವ್ಯಾ ಬಂದಾಳ. ಕಾವ್ಯಾ ಆರಾಮ ಅದಾಳ. ಮುಗಿದ ಮ್ಯಾಲ ನಾವು ಎಲ್ಲಾರನೂ ವಿಚಾರಿಸ್ತೀವಿ, ಅದು ರೂಲ್ಸು. ಕಾರ್ಡಿಗೆ ಜೋಡಿಸಿದ್ದ ನಂಬರಿಗೆ ಫೋನ್ ಹಚ್ಚಿದ್ವಿ. ತೊಗರಿ ಹೊಲದಾಗ ಅದೀನಿ, ಆರಾಮ ಅದೀನಿ ಅಂದ್ಲು."

ಉಮಾಬಾಯಿಗೆ ಮೊದಲು ತಿಳಿಯಲಿಲ್ಲ. ತಿಳಿದ ಮೇಲೆ ಕೂಡ ಮಗನ ಮುಖದಲ್ಲಿ ನಗೆಯೋ ನಾಚಿಕೆಯೋ ಏನಾದರೂ ಇದೆಯೇ ಎಂದು ಹುಡುಕಿದಳು. ಏನೂ ಇರಲಿಲ್ಲ. ಚಟ್ನಿ ಹಚ್ಚಿಕೊಳ್ಳುತ್ತಿದ್ದ.

"ಊರಾಗಿದ್ದಾಕಿ ಆರಾಮ ಇದ್ರ ಇಲ್ಲಿ ಮಲಗಿದಾಕಿ ಎದಿ ಮ್ಯಾಲಿನ ಚರ್ಮ ಕೂಡತೈತೇನೋ? ನಿನಗ ಗೊತ್ತಿರಲಿಲ್ಲೇನು ಆಕಿ ಗುರುದೇವಿ ಅಂತ?"

"ಗೊತ್ತಿತ್ತು," ಎಂದ ವಿಜಯಕುಮಾರ. "ಕಾರಿಡಾರಿನಾಗ ಕಂಡಿದ್ದೆ. ಹೆಂಗಸರು ಕಡಿಮಿ ಬಿದ್ದಿದ್ರು, ಆಕಿಗೂ ಬೇಕಾಗಿತ್ತು. ಸುಮ್ನ ಬಿಟ್ಟೆ. ನಾ ಏನು ಕರಕೊಂಡು ಬಂದಿಲ್ಲ, ಆಕಿ ತಾನಽ ಬಂದಾಳ. ಸುಳ್ಳು ಹೆಸರು ಹೇಳಿದಾಕಿನೂ ಆಕೀನಽ. ಅವರಿಗೆ ನಾವು ವಾಲಂಟಿಯರ್ ಅಂತೀವಿ ಅವ್ವ. ಕೂಲಿ ಅನ್ನಂಗಿಲ್ಲ. ಎಷ್ಟು ಮರ್ಯಾದಿ ಕೊಡ್ತೀವಿ ಗೊತ್ತೇನು? ಹಾಸಿಗಿ, ಟೀವಿ, ಊಟಕ್ಕ ಪನೀರು..."

"ಗುಳಿಗಿ ಹೆಸರು."

"ಅದನ್ನ ಹೇಳಿದ್ರ ನಮ್ಮಲ್ಲೇ ಆತು ಅಂತ ಒಪ್ಪಿಕೊಂಡಂಗ. ಫೈಲು ಹೊರದೇಶಕ್ಕ ಹೋಗೈತಿ. ಒಬ್ಬಾಕಿ ಹೆಸರು ತಪ್ಪು ಅಂದ್ರ ಇಡೀ ಸ್ಟಡಿ ಕಸದಬುಟ್ಟಿಗೆ. ಮೊದಲು ನನ್ನ ನೌಕರಿ ಹೋಗ್ತೈತಿ." ಅವನ ದನಿ ಮೆತ್ತಗಾಯಿತು. "ಒಂದು ಕೆಲಸ ಮಾಡೋಣು. ಆಕೀನ ಛಲೋ ಪ್ರೈವೇಟ್ ದವಾಖಾನಿಗೆ ಹಾಕೋಣು. ಖರ್ಚು ನಂದು. ಗದಿಗೆಮ್ಮ ಮಾತ್ರ ಸ್ಟಡಿ ಸುದ್ದಿ ಎತ್ತಬಾರದು."

"ಅಲ್ಲಿ ಡಾಕ್ಟರು ಕೇಳಂಗಿಲ್ಲೇನು, ಏನು ತಿಂದಾಳಂತ?"

ವಿಜಯಕುಮಾರ ತಾಟು ಸರಿಸಿದ. ಎದ್ದು ಕೈ ತೊಳೆದು, ಅಲಮಾರಿಯಿಂದ ತಾಯಿಯ ಬಿ.ಪಿ. ಗುಳಿಗೆ ತೆಗೆದು, ಉಗುರುಬೆಚ್ಚನೆಯ ನೀರಿನ ಜೊತೆ ತಂದು ಕೊಟ್ಟ. ದಿನಾ ಸಂಜೆ ಅವನೇ ಕೊಡುತ್ತಿದ್ದ. ಒಂದು ದಿನವೂ ತಪ್ಪಿಸಿದವನಲ್ಲ.

"ಇದು ಅಗ್ಗಕ್ಕ ಹೆಂಗ ಸಿಗ್ತೈತಿ ಅಂದ್ಕೊಂಡಿ ಅವ್ವ? ಇದನ್ನೂ ಯಾರೋ ಮೊದಲು ತಿಂದು ನೋಡ್ಯಾರ. ಯಾರೂ ತಿನ್ನದಿದ್ರ ನೀ ಇವತ್ತು ಇಲ್ಲಿ ಕುಂತು ನನ್ನ ಬೈತಿದ್ದೇನು?"

ಆ ಮಾತು ಸುಳ್ಳಾಗಿದ್ದರೆ ಉಮಾಬಾಯಿಗೆ ಸುಲಭವಾಗುತ್ತಿತ್ತು. ಅಂಗೈಯಲ್ಲಿ ಗುಳಿಗೆ ಬಿಳಿಯ ಹಲ್ಲಿನ ಹಾಗೆ ಕೂತಿತ್ತು. ಎಸೆಯಬೇಕೆನ್ನಿಸಿತು. ಎಸೆದರೆ ನಾಳೆ ತಲೆ ತಿರುಗಿ ಬಿದ್ದಾಳು. ಬಿದ್ದರೆ ಆ ಹುಡುಗಿಯ ಪರವಾಗಿ ಮಾತಾಡುವವರು ಯಾರೂ ಇಲ್ಲ. ಬಾಯಿಗೆ ಹಾಕಿಕೊಂಡು ನುಂಗಿದಳು. ಅದು ಗಂಟಲಲ್ಲಿ ಅಡ್ಡ ನಿಂತು, ಕರಗಿ, ಕಹಿಯೆಲ್ಲ ನಾಲಗೆಗೆ ಇಳಿಯಿತು. ಯಾರದೋ ಎಂಜಲು ತಿಂದ ಹಾಗೆ ಮೈ ಜುಮ್ಮೆಂದಿತು. ಮಗ ಬೆನ್ನು ಸವರಿದ. ಆ ಕೈ ಬೆನ್ನ ಮೇಲೆ ಇರುವಷ್ಟು ಹೊತ್ತೂ ಅವಳು ಉಸಿರು ಬಿಗಿ ಹಿಡಿದು ಕೂತಿದ್ದಳು, ಹುಳ ಹರಿದಾಡುವಾಗ ಅಲುಗದೆ ಕೂಡುವ ಹಾಗೆ.

"ಸಿಟ್ಟಿಗೇಳಬ್ಯಾಡ," ಎಂದ ಅವನು. "ಎರಡು ದಿನದಾಗ ತಾನಽ ಆರಾಮಾಗ್ತಾಳ."

ಬೆಳಿಗ್ಗೆ ಅವನು ಇನ್ನೂ ಏಳುವ ಮೊದಲೇ ಉಮಾಬಾಯಿ ದವಾಖಾನೆಯಲ್ಲಿದ್ದಳು. ಗುರುದೇವಿಗೆ ಮಾತು ನಿಂತಿತ್ತು. ಬೊಬ್ಬೆ ಹೊಟ್ಟೆಗೂ ಇಳಿದಿತ್ತು. ತಲೆಯ ಮೇಲೆ ತೂಗುಹಾಕಿದ ಬಾಟಲಿಯಿಂದ ಫಿಟ್ಸಿನ ಔಷಧಿ ಹನಿ ಹನಿಯಾಗಿ ಇಳಿಯುತ್ತಿತ್ತು. ಅಂಬಣ್ಣ ಮೂಲೆಯಲ್ಲಿ ಗೋಡೆಗೆ ಹಣೆ ಹಚ್ಚಿ ನಿಂತಿದ್ದ. ಆಫೀಸು ತೆರೆಯುವ ಹೊತ್ತಿಗೆ ವಾರ್ಡಿಗೆ ಬಂದ ಡಾಕ್ಟರಮ್ಮ ಉಮಾಬಾಯಿಯನ್ನು ಕಂಡವಳೇ ಕೇಳಿದಳು: "ಹೆಸರು ಸಿಕ್ಕಿತೇ?"

"ಸಿಕ್ಕಿಲ್ಲ. ಬಲ್ಲವನ ನಂಬರು ಕೊಡ್ತೀನಿ, ನೀವಽ ಕೇಳ್ರಿ," ಎಂದು ತನ್ನ ಫೋನು ಮುಂದೆ ಹಿಡಿದಳು. ಪರದೆಯ ಮೇಲೆ 'ವಿಜು' ಎಂದಿತ್ತು.

ಡಾಕ್ಟರಮ್ಮ ಫೋನಿನ ದನಿ ದೊಡ್ಡದು ಮಾಡಿ ಮಾತಾಡಿದಳು. ತಾನು ಯಾರು, ಎಲ್ಲಿಂದ, ಹುಡುಗಿಯ ಸ್ಥಿತಿ ಏನು ಎಲ್ಲ ಹೇಳಿದಳು. ಆ ಕಡೆಯಿಂದ ಸೌಮ್ಯವಾದ ಇಂಗ್ಲಿಷಿನಲ್ಲಿ ಉತ್ತರ ಬಂತು. ಆ ಹೆಸರಿನವರು ನಮ್ಮಲ್ಲಿ ಯಾರೂ ಭಾಗವಹಿಸಿಲ್ಲ, ಕ್ಷಮಿಸಿ. ಉಮಾಬಾಯಿಗೆ ಇಂಗ್ಲಿಷು ಬಾರದಿದ್ದರೂ ಆ 'ಸಾರಿ' ತಿಳಿಯಿತು. ಫೋನು ಕಸಿದುಕೊಂಡಳು.

"ವಿಜು, ನಾನು ನಿಮ್ಮವ್ವ. ನಿನ್ನಿ ನನ್ನ ಮುಂದ ಏನಂದಿ? ಗೊತ್ತಿತ್ತು, ಸುಮ್ನ ಬಿಟ್ಟೆ ಅಂದಿ. ಅದನ್ನಽ ನಾ ಈಗ ಇಲ್ಲಿ ಪೊಲೀಸರ ಮುಂದ ಹೇಳ್ತೀನಿ."

"ಅವ್ವ, ಫೋನ್ ಇಡು. ಏನು ಮಾಡಾಕತ್ತಿ, ತಿಳೀತೈತೇನು ನಿನಗ?"

"ಹೆಸರು ಹೇಳಿದ್ರ ಇಡ್ತೀನಿ."

ಅವನು ದನಿ ತಗ್ಗಿಸಿದ. ಹಿಂದೆ ಯಾರೋ ನಗುವುದು, ಕಾಫಿ ಯಂತ್ರದ ಗರಗರ ಕೇಳಿಸುತ್ತಿತ್ತು.

"ಪೊಲೀಸರ ಕಡೆ ಹೋಗಂಗಿಲ್ಲ ಅಂದ್ರ ಹೇಳ್ತೀನಿ."

"ಮೊದಲು ಹೇಳು," ಎಂದು ಉಮಾಬಾಯಿ ಫೋನನ್ನು ಡಾಕ್ಟರಮ್ಮನ ಕಿವಿಗೆ ಹಿಡಿದಳು.

ಅವನು ಹೇಳಿದ. ಒಂದೇ ಶಬ್ದ. ಉಗುಳು ನುಂಗುವಷ್ಟು ಹೊತ್ತೂ ಹಿಡಿಯಲಿಲ್ಲ. ಅದನ್ನು ಕೇಳಿದ್ದೇ ಡಾಕ್ಟರಮ್ಮ ತಲೆ ಎತ್ತಿ ತೂಗುವ ಬಾಟಲಿಯನ್ನು ನೋಡಿದಳು. ಮುಖ ಬಿಳಿಚಿತು. ನರ್ಸನ್ನು ಕೂಗಿ ತಾನೇ ಹೋಗಿ ನಳಿಕೆಯ ಗಾಲಿ ತಿರುವಿ ಬಂದ್ ಮಾಡಿ, ಬಾಟಲಿ ಕಿತ್ತು ಕೆಳಗಿಳಿಸಿದಳು. ಮಗನ ಕಂಪನಿ ಕೊಟ್ಟದ್ದು ಮೂರ್ಛೆರೋಗದ ಗುಳಿಗೆ. ವಾರ್ಡಿನಲ್ಲಿ ಏರಿಸುತ್ತಿದ್ದುದು ಅದರ ಜಾತಿಯದೇ ಇನ್ನೊಂದು. ಒಂದು ಆಗದ ಮೈಗೆ ಇನ್ನೊಂದೂ ಆಗದೇ ಇರಬಹುದೆಂದು ಡಾಕ್ಟರಮ್ಮ ಸಣ್ಣ ದನಿಯಲ್ಲಿ ಹೇಳಿದಳು. ಚರ್ಮ ಕಿತ್ತು ಬರುತ್ತಿದ್ದ ಹುಡುಗಿಗೆ ಮೊನ್ನೆಯಿಂದ ಅದೇ ಉರಿಯನ್ನು ಹನಿ ಹನಿಯಾಗಿ ಇಳಿಸಿದ್ದರು. ಮನೆಯಲ್ಲಿ ರೊಟ್ಟಿ ತಿನ್ನುತ್ತ ಕೂತಿದ್ದವನ ಬಾಯಿಂದ ಆ ಒಂದು ಶಬ್ದ ನಿನ್ನೆ ಸಂಜೆಯೇ ಬರಬಹುದಾಗಿತ್ತು.

ಮುಂದಿನದೆಲ್ಲ ಓಡಾಟ. ಬೇರೆ ಔಷಧಿ ಬಂತು. ಕಣ್ಣಿನ ಡಾಕ್ಟರು ಬಂದು ರೆಪ್ಪೆ ಬಿಡಿಸಿ ನೋಡಿದರು. ಜೀವ ಉಳಿಯುವ ದಾರಿ ಸಿಕ್ಕಿದೆ, ಕಣ್ಣಿನ ಮಾತು ಈಗಲೇ ಹೇಳಲಾಗದು ಎಂದರು. ಅಂಬಣ್ಣ ನೆಲಕ್ಕೆ ಕೂತು ದೊಡ್ಡ ದನಿ ತೆಗೆದು ಅತ್ತ.

ಉಮಾಬಾಯಿ ಹುಡುಗಿಯ ಹಣೆಯ ಮೇಲೆ, ಬೊಬ್ಬೆ ಇಲ್ಲದ ಕಡೆ ನೋಡಿ, ಬೆರಳಿಟ್ಟಳು. ಗದಿಗೆಮ್ಮ ಆ ಕೈಯನ್ನು ಹಿಡಿದು ಮೆಲ್ಲಗೆ ತೆಗೆದಳು. ಸಿಟ್ಟಿನಿಂದಲ್ಲ. ಅನ್ನದ ಮೇಲೆ ಕೂತ ನೊಣವನ್ನು ಓಡಿಸುವ ಹಾಗೆ.

"ಮುಟ್ಟಬ್ಯಾಡ್ರಿ ಅಮ್ಮಾರ. ಬಿಡಸ್ತೀನಿ ಅಂದಿದ್ದೆ ನಾನು. ನೀವು ಬ್ಯಾಡ ಅಂದ್ರಿ."

"ನನಗ ಗೊತ್ತಿರಲಿಲ್ಲ ಗದಿಗೆಮ್ಮ."

"ನನಗೂ ಗೊತ್ತಿರಲಿಲ್ರಿ. ಆದ್ರ ನಾ ಹುಡುಗಿ ಮುಖ ನೋಡಿದ್ದೆ."

ಉಮಾಬಾಯಿ ಸೆರಗು ಬಾಯಿಗೆ ಒತ್ತಿಕೊಂಡು ಹೊರಗೆ ಬಂದಳು. ವರಾಂಡದ ನಲ್ಲಿಯ ಹತ್ತಿರ ಬಗ್ಗಿ ಬಾಯಿ ಮುಕ್ಕಳಿಸಿದಳು.  ಅಷ್ಟರಲ್ಲಿ ಫೋನು ಗುನುಗಿತು. ಮಗ.

"ಅವ್ವ, ಹೇಳಿದ್ನಲ್ಲ, ಇನ್ನ ಮುಗೀತು. ಪೊಲೀಸ್ ಗಿಲೀಸ್ ಅಂತ ಹೋಗಬ್ಯಾಡ. ಕ್ಯಾಬ್ ಕಳಸ್ತೀನಿ, ಗೇಟಿನ ಹತ್ರ ನಿಂದ್ರು. ನಾನಽ ಬರ್ತಿದ್ದೆ, ನಾಳೆ ಹೊಸಾ ಬ್ಯಾಚ್ ಐತಿ. ಈ ಸಲಾನೂ ಹೆಂಗಸರದಽ. ತಯಾರಿ ಭಾಳ ಐತಿ."

"ಅದಽ ಗುಳಿಗಿಯೇನು?"

"ಬ್ಯಾರೆ. ನಿನಗ ಅದೆಲ್ಲ ಯಾಕ ಬೇಕು? ನೀ ಬಾ."

ಉಮಾಬಾಯಿ ಫೋನು ಬಂದ್ ಮಾಡಿದಳು. ದವಾಖಾನೆಯ ಹೆಬ್ಬಾಗಿಲ ಒಳಗೇ ಪೊಲೀಸರದೊಂದು ಸಣ್ಣ ಕೋಣೆ ಇತ್ತು. ಮೇಜಿನ ಹಿಂದೆ ಹೆಂಗಸು ಕಾನ್‌ಸ್ಟೇಬಲ್ ಒಬ್ಬಳು ಇಡ್ಲಿಯ ಪೊಟ್ಟಣ ಬಿಚ್ಚುತ್ತಿದ್ದಳು. ಹೊರಗೆ ಕ್ಯಾಬು ಬಂದು ಹಾರ್ನು ಹೊಡೆಯುವುದು ಕೇಳಿಸಿತು. ಉಮಾಬಾಯಿ ಕುರ್ಚಿ ಎಳೆದುಕೊಂಡು ಕೂತಳು. ಬೇಗಂ ಬಜಾರಿನಲ್ಲಿ ಗಿರಾಕಿಗಳ ಜೊತೆ ಆಡಿ ಕಲಿತ ತೆಲುಗಿನಲ್ಲಿ, ಒಂದು ಕಂಪನಿಯ ಮೇಲೆ ದೂರು ಇದೆ, ನಾಳೆ ಅಲ್ಲಿಗೆ ಹೆಣ್ಣುಮಕ್ಕಳು ಹೋಗುವವರಿದ್ದಾರೆ, ಅದಕ್ಕೆ ಮೊದಲು ಬರೆದುಕೊಳ್ಳಿ ಎಂದಳು.

ಕಾನ್‌ಸ್ಟೇಬಲ್ ಕೈ ಒರೆಸಿಕೊಂಡು ಪೆನ್ನು ತೆಗೆದಳು. ಯಾರ ಮೇಲೆ ಎಂದು ಕೇಳಿದಳು. ಉಮಾಬಾಯಿ ಮಗನ ಹೆಸರು, ಮಗನ ತಂದೆಯ ಹೆಸರು, ಹುದ್ದೆ ಎಲ್ಲ ಹೇಳಿದಳು.

"ಆಯನ ಮೀಕು ಏಮವುತಾಡಮ್ಮಾ?" ಅವನು ನಿಮಗೆ ಏನಾಗಬೇಕು?

ಗಂಟಲಿನ ಕಹಿ ಇನ್ನೂ ಹೋಗಿರಲಿಲ್ಲ. ಉಮಾಬಾಯಿ ಅದನ್ನು ನುಂಗಲಿಲ್ಲ. ಕಿಟಕಿಯ ಕಡೆ ತಿರುಗಿ ಹೊರಗೆ ಉಗುಳಿ ಬಂದು, ಸೆರಗಿನಿಂದ ತುಟಿ ಒರೆಸಿಕೊಂಡಳು.

"ಮಗ," ಎಂದಳು. "ನಾನಽ ಹಡದದ್ದು. ಬರ್ಕೋರಿ."